ಗುರುಗ್ರಹದ ಅಮಾನತು

ತಾರಾಲಯದ ಬಾಗಿಲು ಕಾಯುವವನಿಗೆ ತಾರಾಲಯದವರು ಕೊಟ್ಟದ್ದು ಒಂದು ನೀಲಿ ಕೋಟು, ಒಂದು ಸಣ್ಣ ಟಾರ್ಚು ಮತ್ತು ಕೂರಲು ಒಂದು ಸ್ಟೂಲು. ಉಳಿದ ಗೌರವವನ್ನೆಲ್ಲ ಅವನು ಸ್ವಂತ ಪರಿಶ್ರಮದಿಂದ ಸಂಪಾದಿಸಿಕೊಂಡಿದ್ದ. ಕೋಟಿನ ಎದೆಜೇಬಿನ ಮೇಲೆ ಉಂಗುರ ತೊಟ್ಟ ಗ್ರಹವೊಂದರ ಕಸೂತಿ ಇತ್ತು. ಕೆಲಸ ಮುಗಿದ ಮೇಲೆ ಕೋಟನ್ನು ಗೂಟಕ್ಕೆ ನೇತುಹಾಕಿ ಹೋಗಬೇಕೆಂಬ ನಿಯಮವೇನೋ ಇತ್ತು. ಆ ನಿಯಮ ಮಾಡಿದವರು ಕೋಟನ್ನು ಒಮ್ಮೆಯಾದರೂ ತೊಟ್ಟು ಬೀದಿಯಲ್ಲಿ ನಡೆದಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅವನು ಅದನ್ನು ತೊಟ್ಟೇ ಮನೆಗೆ ಬರುತ್ತಿದ್ದ, ತೊಟ್ಟೇ ತರಕಾರಿ ಚೌಕಾಸಿ ಮಾಡುತ್ತಿದ್ದ. ಬಿರುಬೇಸಿಗೆಯಲ್ಲಿ ಯಾರಾದರೂ ಸೆಕೆ ಆಗೋದಿಲ್ಲವೇ ಎಂದು ಕೇಳಿದರೆ, ಬೆವರು ಒರೆಸಿಕೊಳ್ಳುತ್ತಲೇ ಕಣ್ಣು ಮೇಲೆತ್ತಿ, "ಅಲ್ಲಿನ ಚಳಿ ನಿಮಗೇನು ಗೊತ್ತು?" ಅನ್ನುತ್ತಿದ್ದ. ಬೀದಿಯವರು ಅವನಿಗೆ ಆಕಾಶಣ್ಣ ಎಂದು ಹೆಸರಿಟ್ಟರು. ತಮಾಷೆಗೆಂದು ಇಟ್ಟ ಹೆಸರನ್ನು ಅವನು ಅಷ್ಟೊಂದು ಗಂಭೀರವಾಗಿ ಸ್ವೀಕರಿಸಿದ್ದರಿಂದ, ಇಟ್ಟವರೂ ಕ್ರಮೇಣ ಗಂಭೀರರಾದರು.

ಇಷ್ಟಕ್ಕೂ ಅವನಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಶುದ್ಧ ಅಪಚಾರ. ಗುಮ್ಮಟದೊಳಗೆ ದಿನವೂ ತೋರಿಸುವ ಆಕಾಶದ ಪ್ರದರ್ಶನವನ್ನು ಅವನು ಬಾಗಿಲ ಬಳಿ ಕತ್ತಲಲ್ಲಿ ನಿಂತು ವರ್ಷಗಟ್ಟಲೆ ಕೇಳಿದ್ದ. ಅದರ ವಿವರಣೆಯ ಒಂದೊಂದು ಮಾತೂ ಅವನಿಗೆ ಬಾಯಿಪಾಠವಾಗಿತ್ತು. ವಿವರಣೆ ಓದಿದ ಮಹನೀಯರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಅವನೂ ಅಲ್ಲಲ್ಲೇ ಉಸಿರೆಳೆಯುತ್ತಿದ್ದ.

ಈ ಜ್ಞಾನವೆಲ್ಲ ಹರಿದುಹೋಗುತ್ತಿದ್ದದ್ದು ಬೀದಿಯ ಮೂಲೆಯ ಕ್ಷೌರದಂಗಡಿಗೆ. ರಜೆಯ ದಿನ ಅವನು ಅಲ್ಲಿ ಹೋಗಿ ಕೂತರೆ ಸಾಕು, ಕ್ಷೌರಿಕನ ಕತ್ತರಿ ತಾನಾಗಿ ನಿಧಾನವಾಗುತ್ತಿತ್ತು.

"ಆಕಾಶಣ್ಣ, ನನಗೊಂದು ಸಂಶಯ. ಅಲ್ಲಿ ಮೇಲೆ ಇರೋರು ಕೂದಲು ಕತ್ತರಿಸಿಕೊಂಡ್ರೆ ಅದು ಎಲ್ಲಿ ಬೀಳುತ್ತೆ?"

"ಬೀಳೋದೇ ಇಲ್ಲಪ್ಪ. ತೇಲುತ್ತೆ. ಮೂಗಿಗೆ ಹೋಗುತ್ತೆ, ಯಂತ್ರಕ್ಕೆ ಹೋಗುತ್ತೆ. ಅದಕ್ಕೇ ಕತ್ತರಿಸೋ ಯಂತ್ರಕ್ಕೆ ಹೀರೋ ಕೊಳವೆ ಕಟ್ಟಿರ್ತಾರೆ."

"ಅಂದ್ರೆ ಗುಡಿಸೋದೇ ಬೇಡ!" ಕ್ಷೌರಿಕ ನೆಲದ ಮೇಲಿನ ರಾಶಿಯನ್ನು ನೋಡಿ ನಿಟ್ಟುಸಿರಿಟ್ಟ. "ಮತ್ತೆ ಅದು... ಬೆಳಗ್ಗೆ ಎದ್ದ ತಕ್ಷಣದ ಕೆಲಸ?"

"ಅದಕ್ಕೂ ಕೊಳವೆ."

ಅಂಗಡಿಯಲ್ಲಿದ್ದವರೆಲ್ಲ ಆ ಕೊಳವೆಯನ್ನು ಕಲ್ಪಿಸಿಕೊಂಡರು. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ನಿವೃತ್ತ ಅಧಿಕಾರಿಗಳೊಬ್ಬರು ಮಾತ್ರ ಇಂಥ ಕ್ಷುಲ್ಲಕ ವಿಷಯಕ್ಕೆ ಇಳಿಯುವವರಲ್ಲ. ಅವರು ಗಂಟಲು ಸರಿಮಾಡಿಕೊಂಡು, ಬಾಹ್ಯಾಕಾಶ ಅಂತ ಅಧಿಕೃತವಾಗಿ ಶುರುವಾಗುವುದು ಎಲ್ಲಿಂದ ಎಂದು ಕೇಳಿದರು.

"ಸುಮಾರು ನೂರು ಕಿಲೋಮೀಟರು ಮೇಲಿನಿಂದ ಅಂತ ಲೆಕ್ಕ ಸಾರ್."

"ಅಷ್ಟೇನಾ? ನಮ್ಮ ತಂಗಿ ಮನೆ ಅದಕ್ಕಿಂತ ದೂರ!" ಎಂದ ಕ್ಷೌರಿಕ. "ಅಲ್ಲಿಗೆ ಹೋಗೋಕೆ ಎರಡು ಬಸ್ಸು ಬದಲಾಯಿಸ್ಬೇಕು."

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಅತ್ತೆ ಬಂದರು. ಅವನ ಅತ್ತೆ, ಹೆಂಡತಿಯ ತಾಯಿ. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವರು, ಮಗಳಿಗೆ ಮನೆ ಒಪ್ಪ ಮಾಡಲು ಬರುವುದಿಲ್ಲ ಎಂಬ ಹಳೆಯ ಸತ್ಯವನ್ನು ಹೊಸದಾಗಿ ಕಂಡುಹಿಡಿದು ಅಲ್ಲೇ ನೆಲೆನಿಂತರು. ಅಳಿಯನ ಬಗ್ಗೆ ಅವರ ಅಭಿಪ್ರಾಯ ಮದುವೆಯ ದಿನವೇ ತೀರ್ಮಾನವಾಗಿತ್ತು. "ಬಾಗಿಲು ಕಾಯೋನು" ಎನ್ನುತ್ತಿದ್ದರು. ಅದನ್ನು ಎದುರಿಗೇ ಅನ್ನುತ್ತಿದ್ದರು, ಬೆನ್ನ ಹಿಂದೆ ಆಡುವ ಕೆಟ್ಟ ಚಾಳಿ ಅವರಿಗಿರಲಿಲ್ಲ.

"ಬಾಗಿಲು ಅಂದ್ರೆ ಸಾಮಾನ್ಯ ಬಾಗಿಲಲ್ಲಮ್ಮ," ಎಂದು ಮಗಳು ಸಮರ್ಥಿಸಲು ನೋಡುತ್ತಿದ್ದಳು.

"ತೆಗೆಯೋದು, ಹಾಕೋದು. ಇನ್ನೇನಿದೆ ಅದರಲ್ಲಿ?"

ಆದರೆ ಒಂದು ದಿನ ಅತ್ತೆ ಅಂಗಡಿಗೆ ಹೋಗಿ ಬರುವಾಗ ಕ್ಷೌರದಂಗಡಿಯ ಮುಂದೆ ಜನ ನಿಂತಿದ್ದರು. ಹೊಡೆದಾಟವಿರಬಹುದೆಂಬ ಆಸೆಯಿಂದ ಇಣುಕಿದರೆ, ನಡುವೆ ಅಳಿಯ. ನಿವೃತ್ತ ಅಧಿಕಾರಿಗಳಂಥ ಅಧಿಕಾರಿಗಳೇ ಅವನಿಗೆ "ನೀವು" ಎನ್ನುತ್ತಿದ್ದಾರೆ! ಸೂರ್ಯನಿದ್ದರೂ ಅಲ್ಲಿ ಆಕಾಶ ಯಾಕೆ ಕಪ್ಪು ಎಂದು ಅವನು ವಿವರಿಸುತ್ತಿದ್ದಾನೆ, ಕೇಳಿದವರು ತಲೆದೂಗುತ್ತಿದ್ದಾರೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡು ಮನೆಗೆ ಬಂದರು. ಅಂದು ಊಟಕ್ಕೆ ಕೂತಾಗ ಅಳಿಯನ ತಟ್ಟೆಗೆ ತಾವೇ ಬಡಿಸಿದರು. ಅವನು ತುತ್ತೆತ್ತುವುದನ್ನೇ ಮರೆತ.

"ಅಲ್ಲ, ಅಲ್ಲಿ ಸದ್ದೇ ಕೇಳೋದಿಲ್ವಂತೆ, ಹೌದಾ?" ಎಂದು ಕೇಳಿದರು.

"ಹೌದು ಅತ್ತೆ. ಗಾಳಿ ಇಲ್ಲ ನೋಡಿ. ಗಾಳಿ ಇಲ್ಲದೆ ಸದ್ದು ಸಾಗೋದಿಲ್ಲ. ಪಕ್ಕದಲ್ಲೇ ನಿಂತು ಕಿರುಚಿದ್ರೂ ಕೇಳೋದಿಲ್ಲ."

ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು. "ನಿಮ್ಮ ಮಾವನವರು ಬದುಕಿದ್ದಾಗ ಅಂಥ ಜಾಗಾನೇ ಹುಡುಕ್ತಿದ್ರು," ಎಂದರು.

ಮರುದಿನದಿಂದ ನೆರೆಹೊರೆಯಲ್ಲಿ "ನಮ್ಮ ಅಳಿಯಂದಿರು" ಎಂಬ ಮಾತು ಕೇಳತೊಡಗಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಸಿಕ್ಕಿದ ಬಹುವಚನ ಅದು. ನಮ್ಮ ಆಕಾಶಣ್ಣನ ಕಾಲು ನೆಲಕ್ಕೆ ತಾಗಲಿಲ್ಲ. ಕೋಟನ್ನು ಹೆಂಡತಿಯ ಕೈಯಿಂದ ಇಸ್ತ್ರಿ ಮಾಡಿಸಿಕೊಂಡ. ಈ ಮರ್ಯಾದೆಯೊಂದನ್ನು ಉಳಿಸಿಕೊಂಡರೆ ಸಾಕು, ಇನ್ನೇನೂ ಬೇಡ ಎಂದು ಅವಳ ಹತ್ತಿರ ಬಾಯಿಬಿಟ್ಟೇ ಹೇಳಿದ. "ಉಳಿಯುತ್ತೆ ಬಿಡಿ, ಸ್ವಲ್ಪ ಕಡಿಮೆ ಮಾತಾಡಿ," ಎಂದಳು ಆಕೆ. ಒಳ್ಳೆಯ ಸಲಹೆ, ಆದರೆ ಕೋಟು ತೊಟ್ಟ ಮೇಲೆ ಅವನಿಗೆ ನೆನಪಿರಲಿಲ್ಲ.

ಅನಾಹುತವಾದದ್ದು ಮುಂದಿನ ರಜೆಯ ದಿನ. ಅಂದು ಅತ್ತೆಯೂ ಕ್ಷೌರದಂಗಡಿಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಧಿಕಾರಿಗಳು ಕೇಳಿದರು: "ಒಂದು ಗ್ರಹವನ್ನ ಪಟ್ಟಿಯಿಂದಲೇ ತೆಗೆದುಹಾಕಿದ್ರು ಅಂತ ಹಿಂದೆ ಓದಿದ ನೆನಪು. ಯಾವುದದು?"

ಎಲ್ಲರೂ ಅವನತ್ತ ನೋಡಿದರು. ಅತ್ತೆ ಎಲ್ಲರಿಗಿಂತ ಹೆಚ್ಚಾಗಿ ನೋಡಿದರು. ಆಕಾಶಣ್ಣ ಕಣ್ಣು ಮುಚ್ಚಿ ಪ್ರದರ್ಶನವನ್ನು ಮನಸ್ಸಿನಲ್ಲೇ ಮೊದಲಿನಿಂದ ಓಡಿಸಿದ. ಬುಧ ಬಂತು, ಶುಕ್ರ ಬಂತು, ಭೂಮಿ, ಮಂಗಳ. ಆಮೇಲೆ ಉಂಗುರದ ಶನಿ, ಯುರೇನಸ್, ನೆಪ್ಚೂನ್, ಮುಕ್ತಾಯ, ದಯವಿಟ್ಟು ನಿಧಾನವಾಗಿ ಹೊರಗೆ ನಡೆಯಿರಿ. ಯಾವುದೋ ಒಂದು ಬರಲಿಲ್ಲವಲ್ಲ? ಹೌದು, ಗುರು! ತಾರಾಲಯದಲ್ಲಿ ಇಷ್ಟು ವರ್ಷದಲ್ಲಿ ಅವನು ಗುರುವನ್ನು ಒಂದು ದಿನವೂ ಕಂಡಿರಲಿಲ್ಲ. ತಾರಾಲಯದಂಥ ತಾರಾಲಯವೇ ತೋರಿಸದಿದ್ದರೆ ಅರ್ಥವೇನು?

"ಗುರು," ಎಂದ.

ಕತ್ತರಿ ನಿಂತಿತು. "ಗುರೂನೇ?" ಎಂದರು ಅಧಿಕಾರಿಗಳು. "ಅದು ಎಲ್ಲಕ್ಕಿಂತ ದೊಡ್ಡದಲ್ವೇನ್ರೀ?"

"ದೊಡ್ಡದಾದ್ರೇನು ಸಾರ್? ತೆಗೆದಿದ್ದಾರೆ. ನಮ್ಮಲ್ಲಿ ತೋರಿಸೋದೇ ನಿಲ್ಲಿಸಿದ್ದೀವಿ." ಆ "ನಿಲ್ಲಿಸಿದ್ದೀವಿ"ಯ ಗತ್ತು ಬೀದಿಯ ಕೊನೆಯವರೆಗೆ ಹೋಯಿತು.

"ಹಾಗಾದ್ರೆ ಗುರುವಾರ?" ಎಂದು ಕ್ಷೌರಿಕ ಗಾಬರಿಯಿಂದ ಕೇಳಿದ. ಗುರುವಾರ ಅವನ ಅಂಗಡಿಗೆ ರಜೆ.

"ಅದು ನೆನಪಿಗೆ ಅಂತ ಉಳಿಸಿಕೊಂಡಿದ್ದಾರೆ."

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ನಿವೃತ್ತ ಅಧಿಕಾರಿಗಳ ಮುಖ ನೊರೆಯೊಳಗೇ ಕೆಂಪಾಯಿತು. ಅವರ ಸೇವಾವಧಿಯಲ್ಲಿ ಅವರನ್ನೂ ಒಮ್ಮೆ ಅಮಾನತಿನಲ್ಲಿಟ್ಟಿದ್ದರು. ಮಾಡದ ತಪ್ಪಿಗೆ ಎಂದು ಅವರು ಹೇಳುತ್ತಿದ್ದರು, ಆ ಕಥೆಯನ್ನು ಕೇಳದವರು ಬೀದಿಯಲ್ಲಿ ಯಾರೂ ಇರಲಿಲ್ಲ. ಈಗ ಅದೇ ಅನ್ಯಾಯ ಆಕಾಶದಲ್ಲೂ ಆಗಿದೆಯೆಂದರೆ!

"ನೋಟಿಸು ಕೊಟ್ಟಿದ್ರಾ?" ಎಂದು ಗುಡುಗಿದರು. "ವಿಚಾರಣೆ ನಡೆಸಿದ್ರಾ? ಅದರ ತಪ್ಪೇನು ಅಂತ ಯಾರಾದ್ರೂ ಹೇಳಿದ್ರಾ? ದೊಡ್ಡ ಸ್ಥಾನದಲ್ಲಿರೋರನ್ನ ಕಂಡ್ರೆ ಈ ಲೋಕಕ್ಕೆ ಮೊದಲಿನಿಂದ ಹೊಟ್ಟೆಕಿಚ್ಚು!"

"ಏನೋ ಮಾಡಿರುತ್ತೆ ಸಾರ್," ಎಂದ ಕ್ಷೌರಿಕ. "ಏನೂ ಮಾಡದೆ ತೆಗೀತಾರಾ?"

"ನನ್ನ ಬಗ್ಗೇನೂ ಹೀಗೇ ಅಂದ್ರು!" ಎಂದು ಅಧಿಕಾರಿಗಳು ಅರ್ಧ ಗಡ್ಡದಲ್ಲೇ ಎದ್ದು ನಿಂತರು.

ವಾರ ಕಳೆಯುವುದರೊಳಗೆ ಬೀದಿ ಇಬ್ಭಾಗವಾಯಿತು. ಗುರು ನಿರಪರಾಧಿ ಎಂಬುವವರು ಒಂದು ಕಡೆ, ಅಷ್ಟು ದಪ್ಪ ಬೆಳೆಯಬಾರದಿತ್ತು ಎಂಬುವವರು ಇನ್ನೊಂದು ಕಡೆ. ಇಸ್ತ್ರಿ ಅಂಗಡಿಯವಳು, ಅದು ಪಕ್ಕದ ಗ್ರಹದ ಜಾಗ ಒತ್ತುವರಿ ಮಾಡಿತ್ತಂತೆ ಎಂಬ ಸುದ್ದಿ ತಂದಳು. ಎಲ್ಲಿಂದ ತಂದಳೋ ತಿಳಿಯದು. ಕೊನೆಗೆ ಅಧಿಕಾರಿಗಳು ಆಜ್ಞೆ ಹೊರಡಿಸಿದರು: ಬರುವ ಗುರುವಾರ ಎಲ್ಲರೂ ನಿಯೋಗವಾಗಿ ತಾರಾಲಯಕ್ಕೆ ಹೋಗಿ ಜವಾಬು ಕೇಳುವುದು.

ಆಕಾಶಣ್ಣ ಅಡ್ಡ ಬಂದ. "ಅವತ್ತು ನಾನು ಕೆಲಸದ ಮೇಲಿರ್ತೀನಿ. ನಮ್ಮ ನಿರ್ದೇಶಕಿ ಮೇಡಂ ತುಂಬಾ ಬಿಜಿ. ಆಕಾಶದ ವಿಷಯ ನಿಧಾನವಾಗಿ ನೋಡಿದ್ರಾಯ್ತು, ಅದೆಲ್ಲಿ ಓಡಿಹೋಗುತ್ತೆ?"

"ಅಳಿಯಂದಿರ ಆಫೀಸಿಗೆ ಹೋಗೋಕೆ ಯಾರ ಹಂಗೂ ಬೇಡ," ಎಂದರು ಅತ್ತೆ. "ನಾನು ಮುಂದೆ ಇರ್ತೀನಿ."

ಅವರು ಮುಂದೆಯೇ ಇದ್ದರು, ಹಿಂದೆ ಮಗಳು. ತಾರಾಲಯದ ನಿರ್ದೇಶಕಿ ತೆಳ್ಳಗೆ, ಸದಾ ಅವಸರದಲ್ಲಿರುವ ಹೆಂಗಸು. ಕೋಣೆಯಿಂದ ಹೊರಗೆ ಬಂದರೆ ಹಜಾರದ ತುಂಬ ಜನ. ಅಧಿಕಾರಿಗಳು ಮುಂದೆ ಬಂದು, ದೀರ್ಘಕಾಲ ನಿಷ್ಕಳಂಕ ಸೇವೆ ಸಲ್ಲಿಸಿದ ಹಿರಿಯರೊಬ್ಬರನ್ನು ವಿಚಾರಣೆಯಿಲ್ಲದೆ ಪಟ್ಟಿಯಿಂದ ಕಿತ್ತುಹಾಕಿರುವುದನ್ನು ಈ ನಿಯೋಗ ಖಂಡಿಸುತ್ತದೆ ಎಂದು ಭಾಷಣ ಶುರುಮಾಡಿದರು. ನಿರ್ದೇಶಕಿ ತಮ್ಮ ಸಿಬ್ಬಂದಿಯಲ್ಲಿ ಯಾರನ್ನು ತೆಗೆದೆ ಎಂದು ಜ್ಞಾಪಿಸಿಕೊಳ್ಳುತ್ತ ಪೂರ್ತಿ ಕೇಳಿದರು.

"ಯಾರ ವಿಷಯ ಹೇಳ್ತಿದ್ದೀರಿ?"

"ಗುರು!"

"ಯಾವ ಗುರು?"

"ಗ್ರಹ, ಗ್ರಹ!" ಎಂದು ಹಿಂದಿನಿಂದ ಕ್ಷೌರಿಕ ಕೂಗಿದ.

"ಗುರುಗ್ರಹವನ್ನ ಯಾರೂ ತೆಗೆದಿಲ್ಲ," ಎಂದರು ನಿರ್ದೇಶಕಿ. "ಪಟ್ಟಿಯಿಂದ ಬಿಟ್ಟದ್ದು ಪ್ಲೂಟೋನ. ಯಾರು ನಿಮಗೆ ಹೀಗೆ ಹೇಳಿದ್ದು?"

ಅತ್ತೆ ತಲೆಯೆತ್ತಿ, "ನಮ್ಮ ಅಳಿಯಂದಿರು," ಎಂದು ಹೆಮ್ಮೆಯಿಂದ ಬಾಗಿಲ ಕಡೆ ಕೈ ತೋರಿಸಿದರು.

ಬಾಗಿಲ ಬಳಿ ನಿಂತಿದ್ದ ಆಕಾಶಣ್ಣ ಟಾರ್ಚನ್ನು ಹಾಕಿ, ಆರಿಸಿ, ಮತ್ತೆ ಹಾಕಿದ. ನಿರ್ದೇಶಕಿ ಅವನನ್ನು ನೋಡಿದರು, ಅತ್ತೆಯನ್ನು ನೋಡಿದರು. ದೊಡ್ಡ ಮನಸ್ಸಿನವರು. ಮೊದಲು ಎಲ್ಲರೂ ಪ್ರದರ್ಶನ ನೋಡಿ, ಆಮೇಲೆ ಮಾತಾಡೋಣ ಎಂದರು.

ಬೀದಿಯ ಜನ ಒರಗುಕುರ್ಚಿಗಳಲ್ಲಿ ಒರಗಿದರು. ಕ್ಷೌರಿಕ ತನ್ನ ಅಂಗಡಿಯ ಕುರ್ಚಿ ಇದಕ್ಕಿಂತ ಹೆಚ್ಚು ಹಿಂದಕ್ಕೆ ಹೋಗುತ್ತದೆ ಎಂದು ಸಮಾಧಾನಪಟ್ಟ. ಕತ್ತಲಾಯಿತು. ಬುಧ, ಶುಕ್ರ, ಭೂಮಿ ಹಾದುಹೋದವು. ಮಂಗಳ ಕೆಂಪಗೆ ಬಂದು ಹೋಗುತ್ತಿದ್ದಂತೆ ಗುಮ್ಮಟದೊಳಗೆ ಸಣ್ಣಗೆ ಗುಡುಗು ಶುರುವಾಯಿತು, ಹಿಂದಿನ ಸಾಲಿನಲ್ಲಿ ಮಗುವೊಂದು ಕಿಟಾರನೆ ಕಿರುಚಿತು. ಆಕಾಶಣ್ಣ ತನ್ನ ಪಾಡಿಗೆ ತಾನು ಹೋಗಿ ಮಗುವನ್ನು ಎತ್ತಿಕೊಂಡ, ದಪ್ಪ ಬಾಗಿಲನ್ನು ಸದ್ದಿಲ್ಲದೆ ದಾಟಿದ. ಹಜಾರದಲ್ಲಿ ಟಾರ್ಚಿನ ಬೆಳಕನ್ನು ಗೋಡೆಯ ಮೇಲೆ ಕುಣಿಸಿ ಅದನ್ನು ನಗಿಸಿದ. ಅವನೊಳಗೆ ಗಡಿಯಾರಕ್ಕಿಂತ ಕರಾರುವಾಕ್ಕಾದ ಲೆಕ್ಕವೊಂದಿತ್ತು. ಅದು ಹೇಳಿದ ಕ್ಷಣ ಒಳಗೆ ಬಂದ. ಶನಿ ಉಂಗುರ ಹಾಕಿಕೊಂಡು ಸರಿಯಾದ ಸಮಯಕ್ಕೆ ಹಾಜರಿತ್ತು. ಗುರು ಇವತ್ತೂ ಇಲ್ಲ. ಅವನಿಗೆ ಸ್ವಲ್ಪ ಧೈರ್ಯ ಬಂತು.

ದೀಪ ಹತ್ತಿದಾಗ ಇಡೀ ಬೀದಿ ಅವನನ್ನೇ ನೋಡುತ್ತಿತ್ತು.

"ಇದೆಯಲ್ಲ!" ಎಂದರು ಅಧಿಕಾರಿಗಳು. "ಇಡೀ ಛಾವಣಿ ತುಂಬ ಇದೆಯಲ್ಲ ಕಣ್ರೀ!"

"ಏನು ಸಾರ್?"

"ಗುರು! ಮೈ ತುಂಬ ಪಟ್ಟೆಪಟ್ಟೆ, ಹೊಟ್ಟೆ ಮೇಲೆ ಕೆಂಪು ಕಣ್ಣು!"

ಆಕಾಶಣ್ಣ ಖಾಲಿ ಛಾವಣಿಯತ್ತ ನೋಡಿದ. "ಯಾವಾಗ ಬಂತು?" ಎಂದ.

ನಗು ಗುಮ್ಮಟಕ್ಕೆ ಬಡಿದು ಇಮ್ಮಡಿಯಾಗಿ ವಾಪಸು ಬಂತು. ಕ್ಷೌರಿಕ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ನಗದೆ ಇದ್ದವರು ಇಬ್ಬರೇ, ಅತ್ತೆ ಮತ್ತು ಅವನ ಹೆಂಡತಿ. ಅತ್ತೆಯ ಮುಖ ನೋಡಿ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಅಭ್ಯಾಸವಿತ್ತು, ಆದರೆ ಇದು ನಾಚಿಕೆ. ಬೀದಿಯ ಮುಂದೆ ತಲೆಯೆತ್ತಿದವರು ಬೀದಿಯ ಮುಂದೆಯೇ ತಲೆ ತಗ್ಗಿಸಿದ್ದರು.

"ಇಷ್ಟು ವರ್ಷ ಇದೇ ಬಾಗಿಲಲ್ಲಿ ನಿಂತು, ಅಷ್ಟು ದೊಡ್ಡದು ಕಣ್ಣಿಗೆ ಬೀಳ್ಲಿಲ್ವೇನಪ್ಪಾ ನಿನಗೆ?" ಎಂದರು ಮೆಲ್ಲಗೆ. ಬಹುವಚನ ಹೋಗಿತ್ತು.

ನಿರ್ದೇಶಕಿಯೂ ನಗುತ್ತಿದ್ದರು. "ಅಲ್ಲ, ಆ ಹೊತ್ತಿಗೆ ನೀವು ಎಲ್ಲಿ ಹೋಗ್ತೀರಿ?"

"ಹೊರಗೆ ಮೇಡಂ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ ಯಾವುದಾದ್ರೂ ಮಗು ಅಳುತ್ತಲ್ಲ ಮೇಡಂ. ಮಂಗಳ ಹೋದ ತಕ್ಷಣ ಆ ಗುಡುಗು ಶುರುವಾಗುತ್ತೆ, ಹೆದರ್ತವೆ. ಎತ್ಕೊಂಡು ಹೋಗ್ತೀನಿ. ಶನಿ ಹೊತ್ತಿಗೆ ಸಮಾಧಾನ ಆಗಿರ್ತವೆ, ವಾಪಸು ತಂದು ಕೂರಿಸ್ತೀನಿ." ಅವನು ತಪ್ಪೊಪ್ಪಿಕೊಳ್ಳುವವನ ಹಾಗೆ ಕೈಕಟ್ಟಿಕೊಂಡು ನಿಂತಿದ್ದ. "ನಡುವೆ ಗುರು ಬರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ."

ನಿರ್ದೇಶಕಿಯ ನಗು ನಿಂತಿತು. "ಆ ಗುಡುಗಿಗೆ ಯಾವ ಮಗೂನೂ ಅಳೋದಿಲ್ಲ ಅಂತಲ್ವಾ ನಾನು ಹೋದ ವರ್ಷ ಅದನ್ನ ಇನ್ನೂ ಜೋರು ಮಾಡಿಸಿದ್ದು!" ಎಂದರು. ಆಮೇಲೆ ಬೀದಿಯವರತ್ತ ತಿರುಗಿದರು. "ನೋಡಿ, ಹೊರಗೆ ಹೋಗುವಾಗ ಎಲ್ಲರೂ ನನಗೆ ಹೇಳೋದು ಒಂದೇ ಮಾತು. ಗುರು ಬಂದಾಗ ಉಸಿರು ಬಿಗಿಹಿಡಿದು ನೋಡಿದ್ವಿ, ಜನ ಅಷ್ಟು ನಿಶ್ಶಬ್ದವಾಗಿದ್ರು ಅಂತ. ಈ ಊರಿನಲ್ಲಿ ಗುರುವನ್ನ ನೋಡಿರೋರೆಲ್ಲ ನೋಡಿದ್ದು, ಇವರೊಬ್ಬರು ನೋಡದೆ ಹೊರಗಿದ್ದದ್ರಿಂದ."

ಕ್ಷೌರಿಕ ಮೆಲ್ಲಗೆ ಎದ್ದು ನಿಂತ. ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿದರು, ಅದು ಕೊಳೆಯಾಗಿರಲಿಲ್ಲ. ಅತ್ತೆ ಮಾತ್ರ ನಿರ್ದೇಶಕಿಯ ಮುಂದೆ ಹೋಗಿ ನಿಂತರು.

"ಅಲ್ಲಮ್ಮ, ಅಲ್ಲಿ ಮೇಲೆ ಗಾಳಿ ಇಲ್ಲ, ಸದ್ದು ಸಾಗೋದೇ ಇಲ್ಲ ಅಂತ ನಮ್ಮ ಅಳಿಯಂದಿರು ಹೇಳಿದ್ರು. ಅದಾದ್ರೂ ನಿಜ ತಾನೆ?"

"ನಿಜ..."

"ಮತ್ತೆ ಇಲ್ಲದ ಗುಡುಗನ್ನ ಹಾಕಿ ಯಾಕಮ್ಮ ಮಕ್ಕಳನ್ನ ಅಳಿಸ್ತೀರಿ?"

ನಿರ್ದೇಶಕಿ ಅದು ಪರಿಣಾಮಕ್ಕಾಗಿ ಎಂದು ಏನೋ ಹೇಳಲು ಹೋದರು, ಪರಿಣಾಮ ಎದುರಿಗೇ ನಿಂತಿದ್ದರಿಂದ ಅರ್ಧಕ್ಕೇ ಬಿಟ್ಟರು. ಮುಂದಿನ ಪ್ರದರ್ಶನಕ್ಕೆ ಆಕಾಶಣ್ಣ ಸಭಾಂಗಣದ ನಟ್ಟನಡುವಿನ ಕುರ್ಚಿಯಲ್ಲಿ ಕೂರಬೇಕು ಎಂದು ಅಲ್ಲೇ ಅಪ್ಪಣೆ ಕೊಟ್ಟರು. ಕೋಟು ಬಿಚ್ಚಿಡಬೇಕು, ಇವತ್ತು ಅವರು ಅತಿಥಿ. ಕೋಟನ್ನು ಹೆಂಡತಿ ಇಸಿದುಕೊಳ್ಳಲು ಹೋದಳು, ಅತ್ತೆ ಕೊಡಲಿಲ್ಲ, ಮಡಚಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಬೀದಿಯವರು ಯಾರೂ ಮನೆಗೆ ಹೋಗಲಿಲ್ಲ. ಅಧಿಕಾರಿಗಳು ಅವನ ಎಡಕ್ಕೆ ಕೂತರು.

ಕೋಟಿಲ್ಲದೆ ಅವನು ಸ್ವಲ್ಪ ಚಿಕ್ಕವನಾಗಿ ಕಾಣುತ್ತಿದ್ದ. ಆ ಕುರ್ಚಿಯಲ್ಲಿ ಅವನು ಒಮ್ಮೆಯೂ ಒರಗಿರಲಿಲ್ಲ, ಒರಗುವುದು ಹೇಗೆಂದು ಹೆಂಡತಿ ತೋರಿಸಿಕೊಟ್ಟಳು. ಬುಧ, ಶುಕ್ರ, ಭೂಮಿ. ಎಲ್ಲ ಹಳೆಯ ಪರಿಚಯದವರು. ಮಂಗಳ ಮರೆಯಾಗುತ್ತಿದ್ದಂತೆ ಗುಡುಗು ಎದ್ದಿತು, ಎಲ್ಲೋ ಬಲಗಡೆ ಮಗುವೊಂದು ಬಿಕ್ಕಿತು, ಜೋರಾಗಿ ಅಳತೊಡಗಿತು. ಅವನ ಕಾಲು ತಾನಾಗಿ ಎದ್ದಿತು. ಅರ್ಧ ಏಳುವಷ್ಟರಲ್ಲಿ ಒಂದು ಕೈ ಅವನ ಹೆಗಲ ಮೇಲೆ ಬಿದ್ದು ಅವನನ್ನು ಕುರ್ಚಿಗೆ ಒತ್ತಿತು.

"ಕೂತ್ಕೊಳ್ಳಿ," ಎಂದರು ಅತ್ತೆ. "ನೋಡ್ಕೊಳ್ಳಿ."

ಅವರು ಕತ್ತಲಲ್ಲಿ ಮೊಣಕಾಲು ಹಿಡಿದುಕೊಂಡು, ಕುರ್ಚಿಗಳನ್ನು ತಡವುತ್ತ ಹೋದರು. ಅಳು ಬಾಗಿಲ ಕಡೆ ಸಾಗಿತು, ಬಾಗಿಲು ಮುಚ್ಚಿತು, ಅಳು ಕೇಳಿಸದಾಯಿತು.

ಆಗ ಗುರು ಬಂತು. ಗುಮ್ಮಟದ ಒಂದು ಅಂಚಿನಿಂದ ಎದ್ದು ಬಂತು, ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ಕೆನೆ ಬಣ್ಣದ ಪಟ್ಟೆಗಳು ಒಂದು ಆ ಕಡೆ, ಒಂದು ಈ ಕಡೆ ಹರಿಯುತ್ತಿದ್ದವು. ಕೆಂಪು ಸುಳಿ ನಿಧಾನವಾಗಿ ತಿರುಗುತ್ತಿತ್ತು. ಅದು ನೂರಾರು ವರ್ಷಗಳಿಂದ ಬೀಸುತ್ತಿರಬಹುದಾದ ಬಿರುಗಾಳಿ, ನಮ್ಮ ಭೂಮಿ ಅದರೊಳಗೆ ಬಿದ್ದರೂ ಜಾಗ ಉಳಿಯುತ್ತದೆ ಎಂದು ವಿವರಣೆ ಹೇಳಿತು. ಅವನಿಗೆ ಬಾಯಿಪಾಠವಿಲ್ಲದ ಮೊದಲ ವಾಕ್ಯ ಅದು. ವಿವರಣೆಯ ಮಹನೀಯರು ಉಸಿರೆಳೆದುಕೊಂಡರು, ಅವನು ಎಳೆದುಕೊಳ್ಳುವುದನ್ನು ಮರೆತ. ದಿನವೂ ತನ್ನ ಬೆನ್ನ ಹಿಂದೆ, ಒಂದು ಬಾಗಿಲಿನ ಆಚೆ, ಇದು ಹೀಗೆ ಬಂದು ಹೋಗುತ್ತಿತ್ತು! ಅವನ ಕಣ್ಣು ತುಂಬಿಕೊಂಡಿತು. ಅದನ್ನು ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲಿಲ್ಲ.

"ಇದನ್ನ ತೆಗೆಯೋಕೆ ಯಾರಪ್ಪನಿಂದ ಆಗುತ್ತೆ?" ಎಂದ, ಜೋರಾಗಿಯೇ.

"ಅದನ್ನೇ ನಾನು ಮೊದಲಿನಿಂದ ಹೇಳ್ತಿರೋದು!" ಎಂದರು ಪಕ್ಕದಿಂದ ಅಧಿಕಾರಿಗಳು. ಗುಡುಗಿನಲ್ಲೂ ಅವರ ದನಿ ಎಲ್ಲರಿಗೂ ಕೇಳಿಸಿತು.

ಪ್ರದರ್ಶನ ಮುಗಿದು ಅವನು ಎಲ್ಲರಿಗಿಂತ ಮೊದಲು ಬಾಗಿಲ ಕಡೆ ಓಡಿದ. ಬಾಗಿಲು ತೆಗೆಯುವುದು ಅವನ ಕೆಲಸ. ಸದ್ದಿಲ್ಲದೆ ತೆಗೆದ. ಹಜಾರದಲ್ಲಿ ಅವನ ಸ್ಟೂಲಿನ ಮೇಲೆ ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು, ಹೆಗಲ ಮೇಲೆ ನೀಲಿ ಕೋಟು, ಮಡಿಲಲ್ಲಿ ನಿದ್ದೆಹೋದ ಮಗು. ಮುಂದಿನ ಆಟಕ್ಕೆ ಬಂದವರು ಅವರ ಮುಂದೆ ಸಾಲುಗಟ್ಟಿ, ತುಟಿಪಿಟಕ್ಕೆನ್ನದೆ ನಿಂತಿದ್ದರು.

"ಒಳಗೆ ಬಿಡೋದು ಯಾವಾಗ ಅಮ್ಮ?" ಎಂದು ಒಬ್ಬಾತ ಪಿಸುಗುಟ್ಟಿದ.

"ಸ್ವಲ್ಪ ತಾಳಿ," ಎಂದರು ಅತ್ತೆ. "ಒಳಗೆ ನಮ್ಮ ಅಳಿಯಂದಿರು ಗುರುವನ್ನ ನೋಡ್ತಿದ್ದಾರೆ."